ಮರಿಯಾ ಮೀಸ್ ಅವರ ಎರಡು ಪುಸ್ತಕಗಳು

ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅವರ ಹೆಸರು ನಮ್ಮ ವಾಚಕರಲ್ಲಿ ಅನೇಕರಿಗೆ ಹೊಸದಿರಬಹುದು. ಆದರೆ ಅವರಿಗೆ ಕೀರ್ತಿ ತಂದ ಪುಸ್ತಕವೊಂದು ಹುಟ್ಟಿದ್ದು, ನಾವು ಇಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಿನ ಕಾಫಿಯ ಹೊತ್ತಿಗೆ ಇಳಿಯಬಹುದಾದ ಊರಿನಲ್ಲಿ, ಪಶ್ಚಿಮ ಗೋದಾವರಿಯ ನರಸಾಪುರದಲ್ಲಿ. 1931ರಲ್ಲಿ ರೈತ ಕುಟುಂಬವೊಂದರಲ್ಲಿ ಹುಟ್ಟಿದ ಮೀಸ್ 1963ರಲ್ಲಿ ಜರ್ಮನ್ ಭಾಷೆ ಕಲಿಸುವುದಕ್ಕೆಂದು ಪುಣೆಗೆ ಬಂದರು. ತಮ್ಮ ತರಗತಿಗೆ ಬರುತ್ತಿದ್ದ ಹೆಣ್ಣುಮಕ್ಕಳು ಮದುವೆಗೂ ಓದಿಗೂ ನಡುವೆ ಸಿಕ್ಕಿ ಒದ್ದಾಡುವುದನ್ನು ಕಂಡು, ಊರಿಗೆ ಮರಳಿ ಸಮಾಜಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ಕಲೋನ್ ನಗರದಲ್ಲಿ ಪ್ರಾಧ್ಯಾಪಕಿಯಾಗಿದ್ದು, 2023ರ ಮೇ ತಿಂಗಳಲ್ಲಿ ತೊಂಬತ್ತೆರಡರ ವಯಸ್ಸಿನಲ್ಲಿ ತೀರಿಕೊಂಡರು.

ಪರಿಸರ ಮತ್ತು ಸ್ತ್ರೀ ಎಂಬ ವಿಷಯ ಬಂದಾಗಲೆಲ್ಲ ವಿಶ್ವವಿದ್ಯಾಲಯಗಳಲ್ಲಿ ಉಲ್ಲೇಖವಾಗುವುದು ಅವರು ವಂದನಾ ಶಿವ ಅವರೊಡನೆ ಬರೆದು 1993ರಲ್ಲಿ ಹೊರಬಂದ ‘ಇಕೋಫೆಮಿನಿಸಮ್’. ಅದಕ್ಕೂ ಹನ್ನೊಂದು ವರ್ಷ ಮೊದಲು, 1982ರಲ್ಲಿ ಬಂದ ಚಿಕ್ಕ ಪುಸ್ತಕ ‘ದಿ ಲೇಸ್ ಮೇಕರ್ಸ್ ಆಫ್ ನರಸಾಪುರ್’. ದೊಡ್ಡದಕ್ಕೆ ಹೆಸರು ಹೆಚ್ಚು. ಚಿಕ್ಕದರಲ್ಲಿ ಸತ್ತ್ವ ಹೆಚ್ಚು ಎಂದು ಈ ಲೇಖಕನ ಅಭಿಪ್ರಾಯ. ಏಕೆಂದರೆ ಮೊದಲನೆಯದರಲ್ಲಿ ಮೀಸ್ ಹೆಂಗಸರ ದುಡಿಮೆಯನ್ನು ಎಣಿಸಿದ್ದಾರೆ. ಎರಡನೆಯದರಲ್ಲಿ ಅದನ್ನು ಕೊಂಡಾಡಿದ್ದಾರೆ. ಕೊಂಡಾಡಿದ ಕಡೆ ಲೆಕ್ಕ ತಪ್ಪಿಹೋಗಿದೆ.

ನರಸಾಪುರದ ಸುತ್ತಿನ ಹಳ್ಳಿಗಳಿಗೆ ಕ್ರೋಶಾ ಲೇಸಿನ ಕೆಲಸವನ್ನು ತಂದವರು ಹತ್ತೊಂಬತ್ತನೆಯ ಶತಮಾನದ ಕ್ರೈಸ್ತ ಮಿಷನರಿಗಳು. ಬಡ ಹೆಂಗಸರ ಹೊಟ್ಟೆಪಾಡಿಗೆಂದು ಕಲಿಸಿದ ಈ ಕೈಗೆಲಸ ಕ್ರಮೇಣ ಕಾಪು ಜಾತಿಯ ಒಕ್ಕಲು ಮನೆಗಳ ಒಳಕ್ಕೂ ಹೋಯಿತು. ವ್ಯಾಪಾರಿ ದಾರ ಕೊಡುತ್ತಾನೆ, ಏಜೆಂಟ ಅದನ್ನು ಮನೆಮನೆಗೆ ಹಂಚುತ್ತಾನೆ, ಹೆಂಗಸರು ಹೆಣೆದು ಕೊಡುತ್ತಾರೆ, ತುಣುಕಿಗಿಷ್ಟು ಎಂದು ಮಜೂರಿ. ಕೆಲಸವೂ ತುಂಡು ತುಂಡು. ಒಬ್ಬಳದು ಹೂ ಹೆಣೆಯುವ ‘ಚೇತಿಪನಿ’, ಇನ್ನೊಬ್ಬಳದು ಆ ಹೂಗಳನ್ನು ಜೋಡಿಸುವ ‘ಅತುಕುಪನಿ’. ಮೇಜಿನ ಹೊದಿಕೆ ಆಗಿ ಅದು ಯೂರೋಪಿಗೋ ಅಮೆರಿಕಕ್ಕೋ ಹೋಗುತ್ತಿತ್ತು. ಗೋದಾವರಿ ಮುಖಜಭೂಮಿಯಲ್ಲಿ ಹಸಿರು ಕ್ರಾಂತಿಯಿಂದ ಕೈಯಲ್ಲಿ ಕಾಸಾಡಿದ ರೈತರು ಆ ಹಣವನ್ನು ಲೇಸಿನ ವ್ಯಾಪಾರಕ್ಕೆ ಹಾಕಿ ರಫ್ತುದಾರರಾದ ಬಗೆಯನ್ನು ಮೀಸ್ ಬಿಡಿಸಿ ತೋರಿಸುತ್ತಾರೆ. ಭತ್ತದ ಲಾಭಕ್ಕೂ ಮನೆಯ ಜಗಲಿಯ ಮೇಲಿನ ದಾರದ ಉಂಡೆಗೂ ಹೀಗೊಂದು ನಂಟಿದೆಯೆಂದು ಅವರಿಗಿಂತ ಮೊದಲು ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿದಂತಿಲ್ಲ.

ಲೇಸು ಹೆಣೆಯುವ ಹೆಂಗಸು ಎಷ್ಟು ಹೊತ್ತಿಗೆ ಏಳುತ್ತಾಳೆ, ನೀರು, ಒಲೆ, ದನ, ಮಕ್ಕಳು ಎಂದು ಎಷ್ಟು ಗಂಟೆ ಹೋಗುತ್ತದೆ, ಕ್ರೋಶಾ ಕಡ್ಡಿ ಹಿಡಿದು ಕೂರುವುದು ಎಷ್ಟು ಗಂಟೆ, ಒಂದು ಉಂಡೆ ದಾರ ಮುಗಿಸಿದರೆ ಕೈಗೆ ಬರುವುದೆಷ್ಟು, ಅದೇ ಸರಕು ಪೇಟೆಯಲ್ಲಿ ಎಷ್ಟಕ್ಕೆ ಹೋಗುತ್ತದೆ ಎಂದು ಮೀಸ್ ಬಿಡದೆ ಕೇಳಿದ್ದಾರೆ. ಹೈದರಾಬಾದಿನ ಕೆ. ಲಲಿತಾ ಮತ್ತು ಕೃಷ್ಣಕುಮಾರಿ ಅವರು ಈ ಕೆಲಸದಲ್ಲಿ ಅವರ ಜೊತೆಗಾರರು. ಬಂದ ಉತ್ತರ ಬೆರಗು ಹುಟ್ಟಿಸುವಂಥದು. ಎಂಟು ಗಂಟೆ ಕಣ್ಣು ಸವೆಸಿದರೂ ದಿನಕ್ಕೆ ಒಂದು ರೂಪಾಯಿ ದಕ್ಕದು. ಅದೇ ಊರಿನಲ್ಲಿ ಗದ್ದೆಗೆ ಹೋಗುವ ದಲಿತ ಹೆಂಗಸಿನ ಕೂಲಿ ಇದಕ್ಕಿಂತ ಹೆಚ್ಚು. ಆದರೂ ಘೋಷಾದ ಮನೆಯ ಹೆಂಗಸು ತಾನು ಹೊರಗೆ ಹೋಗಿ ದುಡಿಯುವವಳಲ್ಲ, ಮರ್ಯಾದೆಯಾಗಿ ಮನೆಯಲ್ಲಿ ಕೂತವಳು ಎಂಬ ಹೆಮ್ಮೆಯಲ್ಲಿದ್ದಾಳೆ. ವ್ಯಾಪಾರಿಗೆ ಬೇಕಾದದ್ದೂ ಈ ಹೆಮ್ಮೆಯೇ. ಕೂತ ಹೆಂಗಸು ಬಿಡುವಿನ ವೇಳೆಯಲ್ಲಿ ಏನೋ ಹೆಣೆಯುತ್ತಾಳೆ ಎಂದಾದರೆ ಕೂಲಿಯ ಮಾತೇ ಏಳುವುದಿಲ್ಲ. ದುಡಿಯುವವಳನ್ನು ಹೀಗೆ ‘ಬರೀ ಗೃಹಿಣಿ’ಯಾಗಿ ತೋರಿಸುವ ವ್ಯವಸ್ಥೆಗೆ ಮೀಸ್ ಕೊಟ್ಟ ಹೆಸರನ್ನು ಕನ್ನಡದಲ್ಲಿ ಗೃಹಿಣೀಕರಣ ಎನ್ನಬಹುದು. ಶಬ್ದ ಒರಟು. ವಸ್ತು ನಮಗೆಲ್ಲ ಪರಿಚಿತವೇ.

ಈ ಹೆಂಗಸರು ಸರ್ಕಾರದ ಲೆಕ್ಕದಲ್ಲೂ ಇರಲಿಲ್ಲ. 1961ರ ಜನಗಣತಿಯಲ್ಲಿ ಹಂಗಾಮಿನ ಬಹುಭಾಗ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ದುಡಿದವರೂ ಕೆಲಸಗಾರರೆಂದೇ ಎಣಿಕೆಯಾಗುತ್ತಿದ್ದರು. 1971ರಲ್ಲಿ ಪ್ರಶ್ನೆ ಬದಲಾಯಿತು: ನಿಮ್ಮ ಮುಖ್ಯ ಚಟುವಟಿಕೆ ಯಾವುದು? ‘ಮನೆಗೆಲಸ’ ಎಂದು ಯಜಮಾನ ಹೇಳಿದ, ಗಣತಿಯವನು ಬರೆದುಕೊಂಡ. ದೇಶದ ಹೆಂಗಸರಲ್ಲಿ ಕೆಲಸಗಾರರು ನೂರಕ್ಕೆ 28ರ ಆಸುಪಾಸಿನಲ್ಲಿದ್ದವರು ಹತ್ತು ವರ್ಷದಲ್ಲಿ 14ರ ಆಸುಪಾಸಿಗೆ ಇಳಿದುಬಿಟ್ಟರು. ಅಷ್ಟು ಹೆಂಗಸರು ಕೆಲಸ ಬಿಟ್ಟು ಕೂತರೆಂದು ಯಾರಾದರೂ ನಂಬುವುದುಂಟೆ? ನಮೂನೆಯಲ್ಲಿ ಒಂದು ಕಾಲಮ್ಮು ಬದಲಾದರೆ ಎಷ್ಟು ಮಂದಿ ಕಾಣೆಯಾಗಬಲ್ಲರೆಂಬುದು ಕಡತಗಳ ನಡುವೆ ಕೂತಿರುವ ನಮ್ಮಂಥ ಗುಮಾಸ್ತರಿಗೆ ಬೇರೆಯವರಿಂದ ತಿಳಿಯಬೇಕಾಗಿಲ್ಲ. ಅದೇ ಸರ್ಕಾರ 2019ರಲ್ಲಿ ಜನರ ಸಮಯದ ಬಳಕೆಯನ್ನು ಗಂಟೆ ನಿಮಿಷದ ಲೆಕ್ಕದಲ್ಲಿ ಅಳೆಸಿತು. ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರಿಗೆ ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರಿಗೆ 97 ನಿಮಿಷ ಎಂದು ಬಂತು. ಗಂಡಸರಲ್ಲಿ ಅಂಥ ಕೆಲಸಕ್ಕೆ ಕೈಹಾಕಿದವರೇ ನೂರಕ್ಕೆ 26 ಮಂದಿ. ಮೀಸ್ ನರಸಾಪುರದಲ್ಲಿ ಕೇಳಿದ ಪ್ರಶ್ನೆಗೆ ಸರ್ಕಾರದ ಮುದ್ರೆ ಬೀಳಲು ನಲವತ್ತು ವರ್ಷ ಹಿಡಿಯಿತು.

ಹೊಟ್ಟೆಪಾಡಿಗೆಂದು ಊರು ಬಿಟ್ಟು ಬಂದ ನಮ್ಮ ಕುಟುಂಬಗಳಲ್ಲಿ ಈ ಮಾತು ಇನ್ನಷ್ಟು ಹತ್ತಿರದ್ದು. ಒಬ್ಬರ ಸಂಬಳದಲ್ಲಿ ಬಾಡಿಗೆ, ಸ್ಕೂಲು ಫೀಜು, ಊರಿನ ಹಿರಿಯರಿಗೆ ಕಳಿಸುವ ಹಣ ಎಲ್ಲ ಸರಿದೂಗಿದ್ದು ಹೇಗೆ ಎಂದು ಲೆಕ್ಕ ಹಾಕಿ ನೋಡಿ. ಸೀರೆಗೆ ಫಾಲ್ ಹಚ್ಚಿಕೊಟ್ಟವರು, ಹಪ್ಪಳ ಸಂಡಿಗೆ ಚಟ್ನಿಪುಡಿ ಮಾಡಿ ನೆರೆಹೊರೆಗೆ ಮಾರಿದವರು, ನಾಲ್ಕು ಮಕ್ಕಳಿಗೆ ಪಾಠ ಹೇಳಿದವರು, ಒಂದು ದಿನ ಬಿಟ್ಟು ಒಂದು ದಿನ ಬರುವ ನಲ್ಲಿ ನೀರಿಗೆ ನಿದ್ದೆಗೆಟ್ಟು ಕಾದವರು ಯಾರು? ಮಕ್ಕಳ ಸ್ಕೂಲಿನ ಅರ್ಜಿಯಲ್ಲಿ ‘ತಾಯಿಯ ಉದ್ಯೋಗ’ ಎಂಬ ಕಡೆ ನಾವು ಬರೆದದ್ದು ಗೃಹಿಣಿ ಎಂದು. ವಾರ್ಷಿಕೋತ್ಸವದ ವೇದಿಕೆಯ ಮೇಲೆ ಹೆಣ್ಣು ಭೂಮಿತಾಯಿಯ ಪ್ರತಿರೂಪವೆಂದು ಭಾಷಣ ನಡೆಯುತ್ತಿರುವಾಗ ಹಿಂದಿನ ಕೋಣೆಯಲ್ಲಿ ಇನ್ನೂರು ಜನರಿಗೆ ಕೋಸಂಬರಿ ಕಲಸುತ್ತಿರುವ ಕೈಗಳು ಯಾರವೆಂದೂ ನಾವೆಲ್ಲ ಬಲ್ಲೆವು.

ಈ ಭೂಮಿತಾಯಿಯ ಮಾತಿನಿಂದಲೇ ‘ಇಕೋಫೆಮಿನಿಸಮ್’ ಪುಸ್ತಕಕ್ಕೆ ಬರಬಹುದು. ಪ್ರಕೃತಿಯ ಮೇಲಿನ ದಬ್ಬಾಳಿಕೆ, ಹೆಣ್ಣಿನ ಮೇಲಿನ ದಬ್ಬಾಳಿಕೆ, ಬಡದೇಶಗಳ ಮೇಲಿನ ದಬ್ಬಾಳಿಕೆ ಮೂರಕ್ಕೂ ಬೇರು ಒಂದೇ ಎಂಬುದು ಅದರ ವಾದ. ಆ ಬೇರಿನ ಹೆಸರು ಬಂಡವಾಳಶಾಹಿಯೊಡನೆ ಹೆಣೆದುಕೊಂಡ ಪುರುಷಪ್ರಾಧಾನ್ಯ. ಪರಿಹಾರವಾಗಿ ಮೀಸ್ ಸೂಚಿಸುವುದು ಲಾಭಕ್ಕಾಗಿ ಉತ್ಪಾದಿಸುವ ಬದುಕನ್ನು ಬಿಟ್ಟು ಜೀವನಾವಶ್ಯಕವಾದಷ್ಟನ್ನು ನೆಲದಿಂದಲೇ ಪಡೆದು ಬಾಳುವ ದಾರಿ. ಅಧ್ಯಾಯಗಳನ್ನು ಬಹುಮಟ್ಟಿಗೆ ಇಬ್ಬರೂ ಬೇರೆ ಬೇರೆಯಾಗಿ ಬರೆದಿದ್ದಾರೆ. ಮೀಸ್ ಅವರ ಭಾಗಗಳಲ್ಲಿ ಕೆಲವು ನಿಜಕ್ಕೂ ತೂಕದವು. 1986ರ ಚೆರ್ನೋಬಿಲ್ ಅಣು ದುರಂತದ ಮೇಲಿನ ಅಧ್ಯಾಯವನ್ನು ನೋಡಿ. ವಿಷದ ಮಳೆ ಜರ್ಮನಿಯ ಮೇಲೂ ಸುರಿದಾಗ ಯಾವ ಹಾಲು ಕುಡಿಸಬಹುದು, ಯಾವ ಸೊಪ್ಪು ತರಬಹುದು, ಮಗುವನ್ನು ಮರಳಿನಲ್ಲಿ ಆಡಲು ಬಿಡಬಹುದೋ ಇಲ್ಲವೋ ಎಂಬ ತಲೆಬಿಸಿಯೆಲ್ಲ ತಾಯಂದಿರ ಮೇಲೆ ಬಿತ್ತು. ಸ್ಥಾವರ ಕಟ್ಟುವ ತೀರ್ಮಾನ ಮಾಡಿದವರು ಒಬ್ಬರು, ತರಕಾರಿ ತೊಳೆಯಬೇಕಾದವರು ಇನ್ನೊಬ್ಬರು. ನಮ್ಮ ಪಟಾನ್‌ಚೆರುವಿನ ಕಾರ್ಖಾನೆಗಳ ಕೊಳಕು ನಕ್ಕವಾಗು ಹಳ್ಳಕ್ಕೆ ಹರಿದು ಸುತ್ತಿನ ಹಳ್ಳಿಗಳ ಬಾವಿ ಕೆಟ್ಟಾಗ ದೂರದಿಂದ ಕೊಡ ಹೊತ್ತವರನ್ನು ನೆನೆದರೆ ಈ ಅಧ್ಯಾಯ ಪರದೇಶದ್ದೆನಿಸುವುದಿಲ್ಲ. ಇಲ್ಲಿ ಮೀಸ್ ಹೆಂಗಸರನ್ನು ಪ್ರಕೃತಿಗೆ ಹತ್ತಿರ ಎನ್ನುತ್ತಿಲ್ಲ. ಪರಿಸರ ಕೆಟ್ಟರೆ ಹೆಚ್ಚುವ ಕೆಲಸ ಯಾರ ಪಾಲಿಗೆ ಬರುತ್ತದೆಂದು ಹೇಳುತ್ತಿದ್ದಾರೆ. ಇದು ನರಸಾಪುರದ ಮೀಸ್.

ಆದರೆ ಒಟ್ಟು ಪುಸ್ತಕ ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿಯುವುದು ‘ಹೆಂಗಸು’ ಎಂಬ ಒಬ್ಬಳೇ ಹೆಂಗಸು, ‘ಪ್ರಕೃತಿ’ ಎಂಬ ಒಂದೇ ಪ್ರಕೃತಿ. ಆಕೆಗೆ ಜಾತಿಯಿಲ್ಲ, ಆಕೆಯ ಮನೆಗೆ ಎಷ್ಟು ಎಕರೆ ಎಂದು ಯಾರೂ ಕೇಳುವುದಿಲ್ಲ. ಕಾಪು ಹೆಂಗಸಿನ ಮರ್ಯಾದೆಗೂ ದಲಿತ ಹೆಂಗಸಿನ ಕೂಲಿಗೂ ಇರುವ ಅಂತರವನ್ನು ಹನ್ನೊಂದು ವರ್ಷ ಹಿಂದೆ ಕಾಸಿನ ಲೆಕ್ಕದಲ್ಲಿ ತೋರಿಸಿದ್ದವರು ಇವರೇ ಏನು ಎಂದು ಓದುಗ ಹುಬ್ಬೇರಿಸಬೇಕಾಗುತ್ತದೆ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಅವರು 1992ರಲ್ಲಿಯೇ ಒಂದು ಪ್ರಬಂಧದಲ್ಲಿ ವಂದನಾ ಶಿವ ಅವರ ಹಿಂದಿನ ಬರಹವನ್ನು ಹಿಡಿದು ಇಂಥದೇ ಆಕ್ಷೇಪ ಎತ್ತಿದ್ದರು. ಹೆಂಗಸಿಗೂ ಕಾಡಿಗೂ ಇರುವ ನಂಟು ರಕ್ತದಿಂದ ಬಂದದ್ದಲ್ಲ, ನೆಲದ ಒಡೆತನ ಮತ್ತು ಕೆಲಸದ ಹಂಚಿಕೆಯಿಂದ ಬಂದದ್ದು ಎಂದು ಅವರ ನಿಲುವು. ಮರುವರ್ಷ ಹೊರಬಂದ ಈ ಪುಸ್ತಕ ಆ ಆಕ್ಷೇಪಕ್ಕೆ ಸರಿಯಾಗಿ ಮುಖ ಕೊಟ್ಟಿಲ್ಲ.

ನಮ್ಮ ಕಡೆಯ ಉದಾಹರಣೆ ತೆಗೆದುಕೊಳ್ಳೋಣ. ಉತ್ತರ ಕನ್ನಡದ ಸಾಲ್ಕಣಿಯ ಜನ 1983ರ ಸೆಪ್ಟೆಂಬರ್ 8ರಂದು ಕಳಸೆ ಕಾಡಿಗೆ ನಡೆದುಹೋಗಿ ಗುತ್ತಿಗೆದಾರರ ಕೊಡಲಿಗೆ ಅಡ್ಡವಾಗಿ ಮರಗಳನ್ನು ತಬ್ಬಿ ನಿಂತರು. ಅದೇ ಅಪ್ಪಿಕೋ ಚಳವಳಿ. ಸಹಜ ಅರಣ್ಯ ಕಡಿದು ಸಾಗುವಾನಿ ನೆಡುವ ಇಲಾಖೆಯ ಕ್ರಮಕ್ಕೆ ಅದು ಎದುರಾಗಿತ್ತು. ಗಂಡಸರು ಹೆಂಗಸರು ಯುವಕರು ಎಲ್ಲರೂ ಅದರಲ್ಲಿದ್ದರು. ಈಗ ಅದೇ ಸಿರ್ಸಿ ಸಿದ್ದಾಪುರದ ಸೊಪ್ಪಿನ ಬೆಟ್ಟಗಳನ್ನು ನೋಡಿ. ಬ್ರಿಟಿಷರ ಕಾಲದಿಂದ ಅಡಿಕೆ ತೋಟದ ಒಡೆಯರಿಗೆ, ತೋಟದ ಅಳತೆಗೆ ತಕ್ಕಂತೆ, ಸೊಪ್ಪು ತರಲು ಬಿಟ್ಟುಕೊಟ್ಟ ಕಾಡು ಅದು. ತೋಟದ ಮನೆಯ ಹೆಂಗಸಿಗೆ ಬೆಟ್ಟವೆಂದರೆ ಕೊಟ್ಟಿಗೆಗೆ ಬರುವ ದರಕು, ಒಲೆಗೆ ಬರುವ ಕಟ್ಟಿಗೆ. ತೋಟವಿಲ್ಲದ, ಕೂಲಿಗೆ ಸೊಪ್ಪಿನ ಹೊರೆ ಹೊರುವ ಹೆಂಗಸಿಗೆ ಅದೇ ಬೆಟ್ಟ ಇನ್ನೊಬ್ಬರದು. ತನ್ನ ಒಲೆಗೆ ಅಲ್ಲಿಂದ ಒಂದು ಹಿಡಿ ಪುಳ್ಳೆ ತಂದರೂ ಕೇಳಿ ತರಬೇಕು. ಇಬ್ಬರೂ ಹೆಂಗಸರೇ, ಕಾಡೂ ಒಂದೇ. ಇಬ್ಬರ ನಂಟೂ ಒಂದೇ ಎನ್ನುವ ಸಿದ್ಧಾಂತಕ್ಕೆ ಈ ಒಂದು ಹೊರೆಯನ್ನು ಎತ್ತಿ ತೂಗಲು ಬಾರದು.

ಇನ್ನೊಂದು ತಕರಾರು ವಿಜ್ಞಾನದ ಬಗ್ಗೆ. ಆಧುನಿಕ ವಿಜ್ಞಾನವೇ ಗಂಡಸರ ದಬ್ಬಾಳಿಕೆಯ ರೂಪ, ಅದು ಪ್ರಕೃತಿಯನ್ನು ತುಂಡರಿಸಿ ನೋಡುತ್ತದೆ ಎಂದು ಪುಸ್ತಕ ಮತ್ತೆ ಮತ್ತೆ ಹೇಳುತ್ತದೆ. ಬಿ.ಎಸ್ಸಿ. ಎಂದೋ ಮುಗಿಸಿ ಕಡತದ ಕೆಲಸಕ್ಕೆ ಬಂದ ನನಗೆ ವಿಜ್ಞಾನದ ವಕಾಲತ್ತು ವಹಿಸುವ ಅಧಿಕಾರವೇನೂ ಇಲ್ಲ. ಆದರೂ ಒಂದು ಸಂಗತಿ ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಎಂಬ ಕೇಂದ್ರ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಮೊದಲಾದ ಹಳ್ಳಿಗಳಲ್ಲಿ ಒಂದು ವಿಚಿತ್ರ ಲೆಕ್ಕ ತೆಗೆಯಿತು. ಒಂದು ಹಳ್ಳಿ ನಡೆಯಲು ಎಷ್ಟು ಶಕ್ತಿ ಬೇಕು, ಅದು ಎಲ್ಲೆಲ್ಲಿಂದ ಬರುತ್ತದೆ? ಸೀಮೆಎಣ್ಣೆ, ವಿದ್ಯುತ್ತು, ಎತ್ತುಗಳ ಜೊತೆಗೆ ಮನುಷ್ಯರ ದುಡಿಮೆಯನ್ನೂ ಆ ತಂಡ ಅಳೆಯಿತು. ಶಕ್ತಿಯ ಸಿಂಹಪಾಲು ಸೌದೆಯಿಂದ. ಮನುಷ್ಯರ ದುಡಿಮೆಯಲ್ಲಿ ಅರ್ಧಕ್ಕೂ ಮಿಗಿಲು ಹೆಂಗಸರದು. ಅದರಲ್ಲಿ ಮಕ್ಕಳ ಪಾಲೂ ಇತ್ತು. ಹೊಗೆ ಕಡಿಮೆ ಮಾಡಿ ಸೌದೆ ಉಳಿಸುವ ಅಸ್ತ್ರ ಒಲೆ ಬಂದದ್ದು ಇದೇ ಕೇಂದ್ರದಿಂದ. ಪುರದಲ್ಲಿ ಊರೊಟ್ಟಿನ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದಾಗ ಮೊದಲು ಅಡುಗೆಗೆಂದು ಅನಿಲ ಕೊಡಲು ಹೋಗಿ ಸಗಣಿ ಸಾಲದೆ ಅದು ನಿಂತಿತು. 1987ರಿಂದ ಅದೇ ಅನಿಲದಲ್ಲಿ ಎಂಜಿನ್ ಓಡಿಸಿ ನೀರು ಮತ್ತು ದೀಪ ಕೊಟ್ಟರು. ಊರು ಒಪ್ಪಿಕೊಂಡಿತು. ಹೆಂಗಸಿನ ತಲೆಯ ಮೇಲಿನ ಹೊರೆಗೆ ಕಿಲೋ ಗಂಟೆಗಳ ಲೆಕ್ಕ ಕೊಟ್ಟದ್ದು ಈ ತುಂಡರಿಸಿ ನೋಡುವ ವಿಜ್ಞಾನವೇ. ನರಸಾಪುರದಲ್ಲಿ ಸ್ವತಃ ಮೀಸ್ ಮಾಡಿದ್ದೂ ಬಹುಮಟ್ಟಿಗೆ ಇದನ್ನೇ.

ಇಷ್ಟಾದರೂ ಮೀಸ್ ಮತ್ತು ಶಿವ ಅವರ ಪಕ್ಷದವರು ಒಂದು ಮಾತು ಹೇಳಬಹುದು: ಬೀಜವನ್ನು ಉಳಿಸಿದವರು ಎಲ್ಲೆಲ್ಲೂ ಹೆಂಗಸರೇ ತಾನೆ? ಈ ಪ್ರಶ್ನೆಗೆ ಉತ್ತರ ನಮ್ಮ ಹೈದರಾಬಾದಿಗೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿದೆ, ಬೀದರಿಗೆ ಹೋಗುವಾಗ ನಾವೆಲ್ಲ ದಾಟುವ ಜಹೀರಾಬಾದಿನ ಹಳ್ಳಿಗಳಲ್ಲಿ. ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದ ಕನ್ನಡಿಗ ಪಿ. ವಿ. ಸತೀಶ್ ಅವರು ಗೆಳೆಯರೊಡನೆ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿದರು. ಮೀಸ್ ತೀರಿಕೊಳ್ಳುವುದಕ್ಕೆ ಎರಡು ತಿಂಗಳ ಹಿಂದೆ, 2023ರ ಮಾರ್ಚಿಯಲ್ಲಿ, ಅವರೂ ತೀರಿಕೊಂಡರು. ಪಾಸ್ತಾಪುರ ಸುತ್ತಿನ ಹಳ್ಳಿಗಳಲ್ಲಿ ದಲಿತ ಹೆಂಗಸರ ಸಂಘಗಳು ಒಂದೇ ಹೊಲದಲ್ಲಿ ಜೋಳ, ತೊಗರಿ, ನವಣೆ ಎಂದು ಹಲವು ಬೆಳೆ ಬೆಳೆದು, ಬೂದಿ ಬೇವಿನೆಲೆ ಬೆರೆಸಿ ಬುಟ್ಟಿಗಳಲ್ಲಿ ಬೀಜ ಕಟ್ಟಿಟ್ಟು, ಸಂಕ್ರಾಂತಿಯ ಆಚೀಚೆ ಎತ್ತಿನ ಬಂಡಿಗಳಲ್ಲಿ ಹಳೆಯ ಬೆಳೆಗಳ ಜಾತ್ರೆ ಹೊರಡಿಸುತ್ತವೆ. 2008ರಲ್ಲಿ ಮಾಚನೂರಿನಲ್ಲಿ ಅವರದೇ ರೇಡಿಯೋ ಬಂತು. 2019ರಲ್ಲಿ ವಿಶ್ವಸಂಸ್ಥೆಯ ಇಕ್ವೇಟರ್ ಪ್ರಶಸ್ತಿಯೂ ಬಂತು.

ಇದೆಲ್ಲ ಮೀಸ್ ಅವರ ಪುಸ್ತಕದ ಪುಟದಿಂದ ಎದ್ದು ಬಂದಂತೆ ಕಾಣುತ್ತದೆ. ಆದರೆ ನಡೆದ ಕ್ರಮವನ್ನು ಗಮನಿಸಬೇಕು. ಸಂಘದ ಹೆಂಗಸರು ಭೂಮಿಯನ್ನು ಒಟ್ಟಾಗಿ ಗೇಣಿಗೆ ಹಿಡಿದರು, ಬೀಳುಬಿದ್ದ ಬಡಪಾಯಿ ಹೊಲಗಳನ್ನು ಹದಕ್ಕೆ ತಂದರು. ಬೆಳೆದ ಜೋಳವನ್ನು ಊರಲ್ಲೇ ಕೂಡಿಟ್ಟು, ಯಾವ ಮನೆ ಕಡುಬಡತನದ್ದು ಎಂದು ತಾವೇ ಕೂತು ಪಟ್ಟಿ ಮಾಡಿ, ಆ ಮನೆಗೆ ಕಡಿಮೆ ಬೆಲೆಗೆ ಕೊಟ್ಟರು. ಬೀಜ ಉಳಿಯಲು ಹೊಲ ಬೇಕಾಯಿತು, ಹೊಲಕ್ಕೆ ಸಂಘ ಬೇಕಾಯಿತು, ಸಂಘಕ್ಕೆ ಪಟ್ಟಿ ಬರೆದಿಡುವ ಶಿಸ್ತು ಬೇಕಾಯಿತು. ಈ ಮಧ್ಯದ ಮೆಟ್ಟಿಲುಗಳನ್ನು ಬಿಟ್ಟು ಹೆಣ್ಣು ಪ್ರಕೃತಿಯ ಬಂಧು, ಆದ್ದರಿಂದ ಬೀಜ ಉಳಿಸಿದಳು ಎಂದುಬಿಟ್ಟರೆ ಅವರು ಪಟ್ಟ ಪಾಡಿಗೆ ಅದು ಅನ್ಯಾಯ.

ಜೀವನಾವಶ್ಯಕದಷ್ಟರಲ್ಲಿ ಬಾಳುವ ದಾರಿಯ ಬಗ್ಗೆಯೂ ಒಂದು ಸಂದೇಹ. ಊರಿನ ಧಾನ್ಯ, ಊರಿನ ಎಣ್ಣೆ, ಕೈಯಾರೆ ಮಾಡಿದ್ದು ಎಂದರೆ ಕೇಳಲು ಹಿತವಾಗಿದೆ. ನಸುಕಿನಲ್ಲಿ ಎದ್ದು ರಾಗಿ ಬೀಸಿದ ಅಜ್ಜಿಯರನ್ನು ನೋಡಿದವರು ಇದನ್ನು ಕೇಳಿದಾಗ ಬೀಸುವವರು ಯಾರು ಎಂದು ಕೇಳದಿರಲಾರರು. ಗಂಡಸರೂ ಈ ಸಂಬಳವಿಲ್ಲದ ದುಡಿಮೆಯಲ್ಲಿ ಪಾಲು ಹೊರಲೇಬೇಕು ಎಂದು ಮೀಸ್ ಖಂಡಿತವಾಗಿ ಬರೆದಿದ್ದಾರೆ, ಅದನ್ನು ಮರೆಮಾಚುವುದು ಸರಿಯಲ್ಲ. ಎಷ್ಟು ಪಾಲು, ಯಾವ ಕೆಲಸದಲ್ಲಿ, 97 ನಿಮಿಷ 299ರ ಹತ್ತಿರಕ್ಕೆ ಬರುವುದು ಯಾವ ಏರ್ಪಾಟಿನಿಂದ ಎಂಬಲ್ಲಿಗೆ ಬಂದಾಗ ಪುಸ್ತಕ ಮೆಲ್ಲನೆ ಬೇರೆ ಅಧ್ಯಾಯಕ್ಕೆ ಹೊರಟುಬಿಡುತ್ತದೆ.

ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಅಂದರೆ ಆ ಊರಿನ ಹೆಸರಿಗೂ ಈಗ ಬೆಲೆಯಿದೆ. ಹೂವೊಂದಕ್ಕೆ ಹೆಣೆದವಳಿಗೆ ಸಿಗುವುದೆಷ್ಟು ಎಂಬ ಪ್ರಶ್ನೆಯನ್ನು 1982ರ ಪುಸ್ತಕ ಕೈಯಲ್ಲಿ ಹಿಡಿದು ಇನ್ನೊಮ್ಮೆ ಕೇಳಿಬರುವವರು ಬೇಕು. ನಮ್ಮಲ್ಲಿ ತೆಲುಗು ಚೆನ್ನಾಗಿ ಬಲ್ಲ ಹೆಣ್ಣುಮಕ್ಕಳು, ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿರುವವರು, ಸಂಶೋಧನೆಗೆ ವಿಷಯ ಹುಡುಕುತ್ತಿರುವವರು ಇರಬಹುದು. ಮೀಸ್ ಅವರನ್ನು ಕನ್ನಡಕ್ಕೆ ತರುವ ಮನಸ್ಸು ಯಾರಿಗಾದರೂ ಇದ್ದರೆ ‘ಇಕೋಫೆಮಿನಿಸಮ್’ ಕಾಯಲಿ, ಚಿಕ್ಕ ಪುಸ್ತಕ ಮೊದಲು ಬರಲಿ. ಅದನ್ನು ಅನುವಾದಿಸಲು ದೊಡ್ಡ ಪಾರಿಭಾಷಿಕ ಕೋಶ ಬೇಕಾಗಿಲ್ಲ. ಚೇತಿಪನಿ, ಅತುಕುಪನಿ ಎಂಬ ಮಾತುಗಳು ಹಾಗೆಯೇ ಇರಬಹುದು. ಈ ಊರಿನಲ್ಲಿರುವ ಕನ್ನಡಿಗರಿಗೆ ಅವುಗಳ ಅರ್ಥ ಹೇಳಬೇಕಾಗಿಲ್ಲ.